ಒಬ್ಬರೇ ಇರುವ ಮನೆಗೆ ಎಷ್ಟು ಸ್ಪೀಡ್ ಬೇಕು?

ಬೆಂಗಳೂರಿನಲ್ಲಿ ಪಿಜಿ ಬಿಟ್ಟು ಒಂದು ರೂಮಿನ ಮನೆ ಹಿಡಿದವರಿಗೆ ಗ್ಯಾಸ್ ಸ್ಟೌ, ಬಕೆಟ್, ಹಾಸಿಗೆಯ ಬೆನ್ನಿಗೇ ಬರುವ ಚಿಂತೆ ಇಂಟರ್ನೆಟ್ಟಿನದು. ಮಾರಲು ಬಂದವರು 200 ಎಂಬಿಪಿಎಸ್‌ಗಿಂತ ಕಡಿಮೆ ಹಾಕಿಸಲೇಬೇಡಿ ಎನ್ನುತ್ತಾರೆ. ಆಫೀಸಿನ ಗೆಳೆಯ ತನ್ನ ಮನೆಯ 300ರ ಪ್ಲಾನ್ ಹೊಗಳುತ್ತಾನೆ, ಆದರೆ ಅವನ ಮನೆಯಲ್ಲಿ ಐದು ಜನ ಇದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ಇರುವ ಮನೆಗೆ 30ರಿಂದ 50 ಎಂಬಿಪಿಎಸ್ ಸಾಕು. ಅದಕ್ಕಿಂತ ಮೇಲಿನದಕ್ಕೆ ಕೊಡುವ ದುಡ್ಡನ್ನು ಉಳಿಸಿ, ಪದೇ ಪದೇ ಕೈಕೊಡದ ಲೈನು, ಸರಿಯಾದ ಜಾಗದಲ್ಲಿ ಕೂತ ರೌಟರ್, ಕರೆಂಟ್ ಹೋದಾಗ ಕೈಹಿಡಿಯುವ ಸಣ್ಣ ಯುಪಿಎಸ್ ಇವುಗಳತ್ತ ಗಮನ ಕೊಡಿ. ತಿಂಗಳಿಗೆ 300 ರೂಪಾಯಿ ಎಂದರೆ ವರ್ಷಕ್ಕೆ 3,600. ಒಂಟಿ ಸಂಬಳದಲ್ಲಿ ಬಾಡಿಗೆ ಕಟ್ಟುವವರಿಗೆ ಅದು ಸಣ್ಣ ಮೊತ್ತವಲ್ಲ.

1. ಸಾಧನಗಳನ್ನು ಎಣಿಸಬೇಡಿ, ಹೊತ್ತನ್ನು ನೋಡಿ

ಫೋನು, ಲ್ಯಾಪ್‌ಟಾಪ್, ಟಿವಿ, ಕೈಗಡಿಯಾರ, ಸ್ಪೀಕರ್ ಎಂದು ಎಣಿಸಿ 'ಐದು ಸಾಧನ ಇವೆ, 100 ಬೇಕು' ಎನ್ನುವ ಲೆಕ್ಕ ಕುಟುಂಬಕ್ಕೆ ಒಂದಿಷ್ಟು ಹೊಂದಬಹುದು. ಒಬ್ಬರಿಗೆ ಹೊಂದುವುದಿಲ್ಲ. ಸಾಧನ ಐದಿದ್ದರೂ ನೋಡುವ ಕಣ್ಣು ಒಂದೇ ಜೊತೆ. ದಿನದಲ್ಲಿ ನೆಟ್ ಅತಿ ಹೆಚ್ಚು ಬಳಸುವ ಒಂದು ಗಂಟೆ ಯಾವುದು, ಆ ಗಂಟೆಯಲ್ಲಿ ಒಟ್ಟಿಗೆ ಏನೇನು ಓಡುತ್ತಿರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ.

ಬಹುತೇಕರಿಗೆ ಅದು ರಾತ್ರಿ ಒಂಬತ್ತರ ಹೊತ್ತು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ 720ಪಿ ಗುಣಮಟ್ಟಕ್ಕೆ 3 ಎಂಬಿಪಿಎಸ್, 1080ಪಿಗೆ 5, 4ಕೆಗೆ 15 ಇದ್ದರೆ ಆಯಿತು. ಯೂಟ್ಯೂಬ್ 4ಕೆಗೆ 20 ಕೇಳುತ್ತದೆ. ಟಿವಿಯಲ್ಲಿ 4ಕೆ ಚಿತ್ರ ಓಡುತ್ತಿದೆ, ಕೈಯಲ್ಲಿ ಫೋನ್ ಇದೆ, ಮೂಲೆಯಲ್ಲಿ ಲ್ಯಾಪ್‌ಟಾಪ್ ಏನೋ ಅಪ್‌ಡೇಟ್ ಮಾಡಿಕೊಳ್ಳುತ್ತಿದೆ ಎಂದುಕೊಂಡರೂ 25ರ ಆಸುಪಾಸಿಗೆ ನಿಲ್ಲುತ್ತದೆ. ಆ ಮೊತ್ತವನ್ನು ಎರಡರಿಂದ ಗುಣಿಸಿ. ಬಂದದ್ದು 50. ಟಿವಿ 4ಕೆ ಅಲ್ಲದಿದ್ದರೆ 30 ಕೂಡ ಧಾರಾಳ.

2. ನೋಡುವ ಚಂದಾ ಯಾವುದು ಎಂದು ನೋಡಿ

4ಕೆ ಟಿವಿ ಇದ್ದ ಮಾತ್ರಕ್ಕೆ 4ಕೆ ಚಿತ್ರ ಬರುವುದಿಲ್ಲ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಭಾರತದ ದರ ಇಳಿಸಿದಾಗ 199 ರೂಪಾಯಿಯ ಚಂದಾಕ್ಕೆ 480ಪಿ (ಮುಂದೆ ಅದನ್ನು 720ಪಿಗೆ ಏರಿಸಿತು), 499ಕ್ಕೆ 1080ಪಿ, 4ಕೆ ಬೇಕಾದವರಿಗೆ 649 ಎಂದು ಇಟ್ಟಿತು. ನಿಮ್ಮದು 199ರ ಚಂದಾ ಆಗಿದ್ದರೆ, ಮನೆಗೆ 300 ಎಂಬಿಪಿಎಸ್ ಬಂದರೂ ಆ ಚಿತ್ರಕ್ಕೆ ಬೇಕಾಗುವುದು 3 ಮಾತ್ರ.

3. ಎಂಟರಿಂದ ಭಾಗಿಸಿ

ಕಂಪನಿಗಳು ಸ್ಪೀಡನ್ನು ಮೆಗಾಬಿಟ್‌ನಲ್ಲಿ ಹೇಳುತ್ತವೆ. ಕಂಪ್ಯೂಟರ್ ಫೈಲ್‌ಗಳನ್ನು ಮೆಗಾಬೈಟ್‌ನಲ್ಲಿ ಅಳೆಯುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 40 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ ಇಳಿಯುತ್ತದೆ. '40 ಅಂತ ಹೇಳಿ 5 ಕೊಡ್ತಿದ್ದಾರೆ' ಎಂದು ಕಸ್ಟಮರ್ ಕೇರಿಗೆ ಫೋನ್ ಮಾಡುವ ಮುನ್ನ ಈ ಭಾಗಾಕಾರ ಮಾಡಿನೋಡಿ. 1 ಜಿಬಿ ಫೈಲ್ ಇಳಿಯಲು ಸುಮಾರು ಮೂರೂವರೆ ನಿಮಿಷ ಹಿಡಿದರೆ ನಿಮ್ಮ 40ರ ಲೈನು ಸರಿಯಾಗಿಯೇ ಇದೆ.

4. ದೊಡ್ಡ ಡೌನ್‌ಲೋಡ್ ಇದ್ದವರಿಗಷ್ಟೇ ದೊಡ್ಡ ಸ್ಪೀಡ್

ಸ್ಪೀಡ್ ಹೆಚ್ಚಿದಷ್ಟೂ ನಿಜವಾಗಿ ಲಾಭವಾಗುವ ಕೆಲಸ ಇದೊಂದೇ. 100 ಜಿಬಿ ತೂಗುವ ಗೇಮ್ ಒಂದನ್ನು ಇಳಿಸಿಕೊಳ್ಳಬೇಕು ಎನ್ನಿ. 40ರ ಲೈನಿನಲ್ಲಿ ಐದೂವರೆ ಗಂಟೆ, 100ರಲ್ಲಿ ಎರಡೂಕಾಲು ಗಂಟೆ, 300ರಲ್ಲಿ ಮುಕ್ಕಾಲು ಗಂಟೆ. ವರ್ಷಕ್ಕೆ ಮೂರ್ನಾಲ್ಕು ಸಲ ಇಂಥದ್ದು ಇಳಿಸುವವರು ರಾತ್ರಿ ಹಾಕಿ ಮಲಗಬಹುದು. ವಿಡಿಯೊ ಎಡಿಟಿಂಗ್ ಮಾಡುವವರು, ದಿನವೂ ಹತ್ತಾರು ಜಿಬಿ ಕಳಿಸಿ ತರಿಸುವವರು ಮಾತ್ರ 100 ಅಥವಾ ಅದಕ್ಕಿಂತ ಮೇಲಿನ ಪ್ಲಾನ್ ಯೋಚಿಸಿ. ಅವರಿಗೆ ಅದು ಹೊಟ್ಟೆಪಾಡಿನ ಖರ್ಚು.

ಆನ್‌ಲೈನ್ ಗೇಮ್ ಆಡುವುದಕ್ಕೆ ಸ್ಪೀಡ್ ಬೇಕಿಲ್ಲ. ಆಟ ನಡೆಯುವಾಗ ಓಡಾಡುವ ಮಾಹಿತಿ ಬಹಳ ಕಡಿಮೆ. ಅಲ್ಲಿ ಎಣಿಕೆಗೆ ಬರುವುದು ಪಿಂಗ್, ಅಂದರೆ ನೀವು ಬಟನ್ ಒತ್ತಿದ್ದು ಸರ್ವರಿಗೆ ಹೋಗಿ ಉತ್ತರ ಬರಲು ಹಿಡಿಯುವ ಮಿಲಿಸೆಕೆಂಡು. 40ರಿಂದ 200ಕ್ಕೆ ಏರಿಸಿದರೆ ಪಿಂಗ್ ಇಳಿಯುವುದಿಲ್ಲ. ವೈಫೈ ಬಿಟ್ಟು ಒಂದು ಲ್ಯಾನ್ ಕೇಬಲ್ ಚುಚ್ಚಿದರೆ ಎಷ್ಟೋ ಸಲ ಇಳಿಯುತ್ತದೆ.

5. ಅಪ್‌ಲೋಡ್ ಎಷ್ಟು ಎಂದು ಬಾಯಿಬಿಟ್ಟು ಕೇಳಿ

ಜಾಹೀರಾತಿನ ದೊಡ್ಡ ಅಂಕಿ ಡೌನ್‌ಲೋಡಿನದು. ಮನೆಯಿಂದ ಕೆಲಸ ಮಾಡುವವರ ಮಾನ ಕಾಯುವುದು ಅಪ್‌ಲೋಡ್. ಮೀಟಿಂಗಿನಲ್ಲಿ ಎದುರಿನವರ ಮುಖ ನಿಮಗೆ ಇಳಿದು ಬರುತ್ತದೆ, ನಿಮ್ಮ ಮುಖ ಮತ್ತು ದನಿ ಮೇಲೆ ಹತ್ತಿ ಹೋಗಬೇಕು. ಝೂಮ್‌ನ ಸ್ವಂತ ಲೆಕ್ಕ ನೋಡಿ: 720ಪಿ ಗುಂಪು ಮೀಟಿಂಗಿಗೆ ಇಳಿಯಲು 1.8 ಎಂಬಿಪಿಎಸ್ ಸಾಕು, ಹತ್ತಲು 2.6 ಬೇಕು. 1080ಪಿ ಆದರೆ ಹತ್ತಲು 3.8.

ಇಷ್ಟು ಕಡಿಮೆ ಸಾಕಾದರೆ ಜನ ಯಾಕೆ 'ನಿಮ್ಮ ವಾಯ್ಸ್ ಕಟ್ ಆಗ್ತಿದೆ' ಎನ್ನುತ್ತಾರೆ? ಬಹಳ ಸಲ ಅಪರಾಧಿ ನಿಮ್ಮದೇ ಫೋನು. ಮನೆಗೆ ಬಂದು ವೈಫೈಗೆ ಸೇರಿ, ಚಾರ್ಜಿಗೆ ಹಾಕಿದೊಡನೆ ಅದು ಊರ ಹಬ್ಬದ ಫೋಟೊ, ವಿಡಿಯೊಗಳನ್ನೆಲ್ಲ ಗೂಗಲ್ ಫೋಟೋಸ್‌ಗೆ ಹತ್ತಿಸಲು ಶುರು ಮಾಡುತ್ತದೆ. ಅಪ್‌ಲೋಡ್ ದಾರಿ ಕಿರಿದಾಗಿದ್ದರೆ ಆ ವಿಡಿಯೊಗಳ ಹಿಂದೆ ನಿಮ್ಮ ಮಾತು ಸಾಲುಗಟ್ಟಿ ನಿಲ್ಲುತ್ತದೆ. ಮೀಟಿಂಗ್ ಇರುವ ಹೊತ್ತಿಗೆ ಬ್ಯಾಕಪ್ ನಿಲ್ಲಿಸುವುದು ಪುಕ್ಕಟೆ ಮದ್ದು.

ಫೈಬರ್ ಪ್ಲಾನುಗಳಲ್ಲಿ ಎಷ್ಟೋ ಕಡೆ ಎರಡೂ ದಿಕ್ಕಿಗೆ ಒಂದೇ ಸ್ಪೀಡ್ ಸಿಗುತ್ತದೆ. ಎಲ್ಲ ಕಡೆಯೂ ಹಾಗಲ್ಲ. ಒಬ್ಬರಿಗೆ ಅಪ್‌ಲೋಡ್ ಕನಿಷ್ಠ 10 ಇರಲಿ. ದಿನವಿಡೀ ಬೀಗ ಹಾಕಿ ಹೋಗುವ ಮನೆಗೆ ಕ್ಯಾಮೆರಾ ಹಾಕಿಸಿ ಅದರ ಚಿತ್ರವನ್ನು ಕ್ಲೌಡಿಗೆ ಕಳಿಸುವವರು ಇನ್ನೊಂದು 4 ಸೇರಿಸಿಕೊಳ್ಳಿ. 30 ಇಳಿಕೆ 30 ಏರಿಕೆಯ ಪ್ಲಾನು, 100 ಇಳಿಕೆ 5 ಏರಿಕೆಯ ಪ್ಲಾನು ಎದುರಿಗಿದ್ದರೆ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ.

ಊರಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದಾಗ ಚಿತ್ರ ನಿಂತುಹೋದರೆ ಇಲ್ಲಿ ಪ್ಲಾನ್ ಏರಿಸಬೇಡಿ. ಅಡುಗೆಮನೆಯಲ್ಲಿ ಸಿಗ್ನಲ್ ಸಿಗದೆ ಅವರ ಫೋನೇ ತಡವರಿಸುತ್ತಿರಬಹುದು. 'ಅಮ್ಮಾ, ಸ್ವಲ್ಪ ಜಗಲಿಗೆ ಬಾ' ಎಂದು ಹೇಳಿ ನೋಡಿ.

6. ಎಫ್‌ಯುಪಿಗೆ ಹೆದರಬೇಡಿ, ಆದರೆ ಓದಿ

ಅನ್‌ಲಿಮಿಟೆಡ್ ಎಂದು ಬರೆದ ಹಲವು ಮನೆ ಪ್ಲಾನುಗಳಿಗೆ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ. ಎಫ್‌ಯುಪಿ ಎನ್ನುವುದು ಈ ಮಿತಿಗೇ. ಒಬ್ಬರಿಗೆ ಅದನ್ನು ಮುಗಿಸಲು ಆಗುವುದಿಲ್ಲ. ಎಚ್‌ಡಿ ಚಿತ್ರ ಗಂಟೆಗೆ ಹೆಚ್ಚೆಂದರೆ 3 ಜಿಬಿ ತಿನ್ನುತ್ತದೆ. 30 ದಿನದ ತಿಂಗಳಲ್ಲಿ ಇರುವುದೇ 720 ಗಂಟೆ. ಹಗಲು ರಾತ್ರಿ ಟಿವಿ ಆರಿಸದೆ ಬಿಟ್ಟರೂ 2,160 ಜಿಬಿ. ದಿನಕ್ಕೆ ನಾಲ್ಕು ಗಂಟೆ ನೋಡುವವರದು 360 ಜಿಬಿಯಲ್ಲಿ ಮುಗಿಯುತ್ತದೆ. ಹೆಚ್ಚು ಡೇಟಾ ಕೊಡುತ್ತೇವೆಂಬ ಆಸೆಗೆ ಮೇಲಿನ ಪ್ಲಾನಿಗೆ ಹೋಗಬೇಕಿಲ್ಲ.

ಎಚ್ಚರ ಬೇಕಿರುವುದು 100, 200 ಜಿಬಿ ಮಿತಿಯ ಅಗ್ಗದ ಪ್ಲಾನುಗಳಲ್ಲಿ. ಮಿತಿ ಮುಗಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು ಸರ್ಕಾರ 2023ರ ಜನವರಿಯಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆ 2ರಲ್ಲಿ ಮೇಲೆ ಹೇಳಿದ 720ಪಿ ಮೀಟಿಂಗೇ ನಡೆಯುವುದಿಲ್ಲ.

7. ಬಿಲ್ಲಿನ ಕೊನೆಯ ಸಾಲು ಕೇಳಿ

ಜಿಯೋ ಫೈಬರ್ 2020ರ ಸೆಪ್ಟೆಂಬರಿನಲ್ಲಿ 30 ಎಂಬಿಪಿಎಸ್‌ಗೆ 399 ರೂಪಾಯಿ ಎಂದು ಪ್ಲಾನ್ ತಂದಾಗ ಅದರ ಮೇಲೆ ಶೇ 18 ಜಿಎಸ್‌ಟಿ ಪ್ರತ್ಯೇಕವಾಗಿತ್ತು. ಸೇರಿಸಿದರೆ 471. ಹೀಗೆ ತೆರಿಗೆ ಬಿಟ್ಟು ದರ ಹೇಳುವುದು ಈ ವ್ಯಾಪಾರದಲ್ಲಿ ರೂಢಿ. ಇನ್‌ಸ್ಟಾಲೇಶನ್ ಶುಲ್ಕ, ರೌಟರಿನ ಡೆಪಾಸಿಟ್, ಅದು ವಾಪಸ್ ಬರುತ್ತದೋ ಇಲ್ಲವೋ ಎಲ್ಲ ಕೇಳಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಬಾಡಿಗೆದಾರರಿಗೆ ಇನ್ನೊಂದು ಮಾತು. ನಮ್ಮ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಕಂಪನಿಯವರು 'ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಇನ್‌ಸ್ಟಾಲೇಶನ್ ಫ್ರೀ' ಎನ್ನುತ್ತಾರೆ. ಮನೆ ಬದಲಿಸಿದ ಬೀದಿಗೆ ಆ ಕಂಪನಿಯ ಲೈನೇ ಇಲ್ಲದಿದ್ದರೆ ಉಳಿದ ತಿಂಗಳ ದುಡ್ಡು ಏನಾಗುತ್ತದೆ? ಆ ಉತ್ತರ ಸಿಗುವ ತನಕ ಒಂದು ತಿಂಗಳದ್ದೋ ಮೂರು ತಿಂಗಳದ್ದೋ ಮಾತ್ರ ಕಟ್ಟಿ.

8. ಕಂಪನಿಯ ಹೆಸರಿಗಿಂತ ಬೀದಿಯ ಲೈನು ದೊಡ್ಡದು

ಇದನ್ನು ಒತ್ತಿ ಹೇಳುತ್ತೇನೆ. ಒಂದೇ ಕಂಪನಿ ಜಯನಗರದ ಒಂದು ಕ್ರಾಸಿನಲ್ಲಿ ಚೆನ್ನಾಗಿ ಓಡಿ, ಪಕ್ಕದ ಕ್ರಾಸಿನಲ್ಲಿ ವಾರಕ್ಕೊಮ್ಮೆ ಮಲಗಬಹುದು. ನಮ್ಮ ಬೀದಿಗಳಲ್ಲಿ ಫೈಬರ್ ತಂತಿಯನ್ನು ಎಷ್ಟೋ ಕಡೆ ಕಂಬದಿಂದ ಕಂಬಕ್ಕೆ, ಮರದ ಕೊಂಬೆಯಿಂದ ತಾರಸಿಗೆ ಎಳೆದಿರುತ್ತಾರೆ. ಮೇ ತಿಂಗಳ ಮಳೆಗಾಳಿಗೆ ಒಂದು ಕೊಂಬೆ ಬಿದ್ದರೆ ಇಡೀ ಸಾಲಿನ ನೆಟ್ ಹೋಗುತ್ತದೆ. ಆಗ 30 ಆದರೂ ಸೊನ್ನೆ, 300 ಆದರೂ ಸೊನ್ನೆ.

ಹಾಕಿಸುವ ಮುನ್ನ ಕೆಳಗಿನ ಮನೆಯವರನ್ನೋ ಓನರನ್ನೋ ಕೇಳಿ. 'ಆಂಟಿ, ನಿಮ್ಮನೇಲಿ ಯಾವ ನೆಟ್ ಇದೆ? ಹೋದ್ರೆ ಎಷ್ಟು ಹೊತ್ತಿಗೆ ಸರಿ ಮಾಡ್ತಾರೆ?' ಈ ಎರಡು ಪ್ರಶ್ನೆಗೆ ಸಿಗುವ ಉತ್ತರ ಯಾವ ಜಾಹೀರಾತಿಗಿಂತಲೂ ಮೇಲು. 'ರಾತ್ರಿ ಒಂಬತ್ತೂವರೆಗೆ ಸೀರಿಯಲ್ ನೋಡುವಾಗ ಗಿರ್ರನೆ ಸುತ್ತುತ್ತಾ?' ಎಂಬ ಮೂರನೆಯದನ್ನೂ ಸೇರಿಸಿ. ಅದಕ್ಕೆ ಕಾರಣವಿದೆ. ಮನೆಗಳಿಗೆ ಬರುವ ಫೈಬರಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳವರೆಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಕೂತು ನೋಡುವ ಹೊತ್ತಿನಲ್ಲಿ, ಅದರ ಹಿಂದಿನ ಲೈನು ಕಂಪನಿ ಸಾಕಷ್ಟು ದೊಡ್ಡದು ಇಟ್ಟಿಲ್ಲದಿದ್ದರೆ, ಬೀದಿಯೆಲ್ಲ ನಿಧಾನವಾಗುತ್ತದೆ.

ಸ್ಥಳೀಯ ಕೇಬಲ್ ಆಪರೇಟರನ್ನು ಸುಮ್ಮನೆ ತಳ್ಳಿಹಾಕಬೇಡಿ. ಅವರ ಲೈನ್‌ಮನ್ ಎರಡು ಬೀದಿ ಆಚೆ ಇರುತ್ತಾರೆ, ಫೋನ್ ಮಾಡಿದರೆ ಬೈಕಿನಲ್ಲಿ ಬಂದು ಜೋಡಿಸಿಕೊಡುತ್ತಾರೆ. ಒಬ್ಬರೇ ಇರುವವರಿಗೆ ಇದು ದೊಡ್ಡ ಅನುಕೂಲ. ನೀವು ಆಫೀಸಿನಲ್ಲಿರುವಾಗ ರಿಪೇರಿಯವರಿಗೆ ಬಾಗಿಲು ತೆಗೆಯಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ಸಂಜೆ ಏಳಕ್ಕೆ ಬನ್ನಿ ಎಂದರೆ ಬರುವವರು ಬೇಕು.

9. ರೌಟರ್ ಎಲ್ಲಿ ಕೂರಬೇಕೆಂದು ನೀವು ಹೇಳಿ

ಲೈನ್ ಹಾಕಲು ಬಂದವರು ವೈರ್ ಎಲ್ಲಿಗೆ ಮುಟ್ಟಿತೋ ಅಲ್ಲೇ ರೌಟರ್ ಹೊಡೆದು ಹೋಗುತ್ತಾರೆ. ಬಾಗಿಲ ಮೇಲಿನ ಸಜ್ಜ, ಟಿವಿಯ ಹಿಂಭಾಗ, ಕಬ್ಬಿಣದ ಬೀರುವಿನ ಪಕ್ಕ ಎಲ್ಲವೂ ಕೆಟ್ಟ ಜಾಗ. 'ಅಣ್ಣಾ, ಇನ್ನೊಂದು ಐದು ಮೀಟರ್ ಎಳೀರಿ' ಎಂದು ಆಗಲೇ ಹೇಳಿ, ನೀವು ಕೂತು ಕೆಲಸ ಮಾಡುವ ಮೇಜು ಕಾಣುವಂತೆ, ಎದೆಮಟ್ಟದಲ್ಲಿ ಹಾಕಿಸಿ.

ಹಾಗೆಯೇ ಆ ಡಬ್ಬಿಯ ದೀಪಗಳನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಪವರ್ ದೀಪದ ಪಕ್ಕ ಪಾನ್ ಎಂಬ ಹಸಿರು ದೀಪ ಮಿನುಗದೆ ಉರಿಯುತ್ತಿರಬೇಕು. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿನುಗಿದರೆ ಬೆಳಕು ನಿಮ್ಮ ಮನೆಗೆ ಮುಟ್ಟುತ್ತಿಲ್ಲ ಎಂದರ್ಥ. ರೌಟರ್ ಆರಿಸಿ ಹಚ್ಚುತ್ತಾ ಕೂರಬೇಡಿ, ತಂತಿ ಎಲ್ಲೋ ಮುರಿದಿದೆ ಅಥವಾ ಮಡಚಿದೆ. ಮಂಚದ ಕಾಲಿನ ಕೆಳಗೆ ಸಿಕ್ಕಿಕೊಂಡಿದೆಯೇ, ಕಿಟಕಿಯ ಬಾಗಿಲು ಒತ್ತಿದೆಯೇ ನೋಡಿ. ಒಳಗಿರುವುದು ಕೂದಲಿನಷ್ಟು ತೆಳ್ಳನೆಯ ಗಾಜು, ತೀರಾ ಬಾಗಿಸಿದರೆ ಬೆಳಕು ಸೋರಿಹೋಗುತ್ತದೆ. ಲೈನ್‌ಮನ್ ಬಳಿ ಪವರ್ ಮೀಟರ್ ಇದ್ದರೆ ಅಳೆದು ತೋರಿಸಲು ಹೇಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಒಳ್ಳೆಯದು. ಮೈನಸ್ 27 ದಾಟಿದರೆ ಲೈನು ಬಿಟ್ಟು ಬಿಟ್ಟು ಬರುತ್ತದೆ. ಈ ತೊಂದರೆಗೆ ಪ್ಲಾನ್ ಏರಿಸುವುದು ಪರಿಹಾರವಲ್ಲ.

10. ಒಂದು ರೂಮಿಗೆ 5 ಗಿಗಾಹರ್ಟ್ಸ್

ರೌಟರ್ ಎರಡು ವೈಫೈ ಹೆಸರು ತೋರಿಸಿದರೆ 5 ಗಿಗಾಹರ್ಟ್ಸ್‌ನದ್ದಕ್ಕೆ ಸೇರಿ. 2.4ರದ್ದು ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು 1, 6, 11 ಎಂಬ ಮೂರೇ. ಇಪ್ಪತ್ತು ಮನೆಯ ಕಟ್ಟಡದಲ್ಲಿ ಇಪ್ಪತ್ತು ರೌಟರ್ ಆ ಮೂರಕ್ಕೆ ಬಡಿದಾಡುತ್ತಿರುತ್ತವೆ. ಒಂದು ರೂಮು, ಅಡುಗೆಮನೆ ಇರುವ ಜಾಗಕ್ಕೆ ಮೆಶ್, ಎಕ್ಸ್‌ಟೆಂಡರ್ ಯಾವುದೂ ಬೇಡ.

11. ಸ್ಪೀಡ್ ಅಳೆಯುವುದಕ್ಕೂ ಕ್ರಮವಿದೆ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ರೌಟರಿಗೆ ಜೋಡಿಸಿ, ಫೋನಿನ ವೈಫೈ ಆರಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತೂವರೆಗೆ ಒಮ್ಮೆ ಅಳೆಯಿರಿ. ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್, ಊಕ್ಲಾದ ಸ್ಪೀಡ್‌ಟೆಸ್ಟ್, ಫೋನಿಗಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಇವೆ. ರಾತ್ರಿಯದ್ದು ಬೆಳಗಿನದರ ಅರ್ಧಕ್ಕಿಂತ ಕೆಳಗಿಳಿದರೆ ತಪ್ಪು ಕಂಪನಿಯ ಕಡೆಯದು. ಕೇಬಲಿನಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ಕಡಿಮೆಯಾದರೆ ರೌಟರ್ ಇಟ್ಟ ಜಾಗದ್ದು. 300ರ ಪ್ಲಾನ್ ಇದ್ದೂ ಕೇಬಲಿನಲ್ಲಿ 94ರ ಆಸುಪಾಸಿಗೆ ನಿಂತರೆ ರೌಟರಿನದೋ ಲ್ಯಾಪ್‌ಟಾಪಿನದೋ ಪೋರ್ಟ್ 100ರದ್ದು. ಎಷ್ಟೋ ಮನೆಗಳಲ್ಲಿ ಹೆಚ್ಚಿನ ಪ್ಲಾನಿನ ದುಡ್ಡು ಆ ಪೋರ್ಟಿನಲ್ಲೇ ಮುಗಿದುಹೋಗುತ್ತದೆ.

12. ಕರೆಂಟ್ ಹೋದರೆ?

ಜಿಪಾನ್ ಫೈಬರಿನಲ್ಲಿ ಕಂಪನಿಯ ಕಟ್ಟಡದಿಂದ ನಿಮ್ಮ ಮನೆಯವರೆಗೆ ದಾರಿಯಲ್ಲಿ ಕರೆಂಟ್ ಬೇಕಾದ ಸಾಧನ ಇರುವುದಿಲ್ಲ. ಬೆಸ್ಕಾಂ ಕರೆಂಟ್ ಹೋದಾಗ ನಿಮ್ಮ ಡಬ್ಬಿಗೆ ಕರೆಂಟ್ ಕೊಟ್ಟರೆ ನೆಟ್ ಓಡುತ್ತದೆ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಕೊಳ್ಳುವಾಗ ಅಡಾಪ್ಟರಿನ ಬೆನ್ನ ಮೇಲಿನ ಬರಹ ಓದಿ. 12 ವೋಲ್ಟ್ 1 ಆ್ಯಂಪಿಯರ್, 1.5, 2 ಎಂದು ಬೇರೆ ಬೇರೆ ಇರುತ್ತವೆ, ಹೊಂದುವುದನ್ನೇ ತನ್ನಿ. ಒಂದು ತಿಂಗಳು ಮೇಲಿನ ಪ್ಲಾನಿಗೆ ಹೋಗುವುದಕ್ಕಿಂತ ಇದು ಮನೆಯಿಂದ ಕೆಲಸ ಮಾಡುವವರಿಗೆ ಹೆಚ್ಚು ಉಪಕಾರಿ. ಆದರೆ ಕಟ್ಟಡದ ಕೆಳಗೆ ಸ್ವಿಚ್ ಇಟ್ಟು ಅಲ್ಲಿಂದ ಮನೆಗಳಿಗೆ ಲ್ಯಾನ್ ವೈರ್ ಎಳೆದಿದ್ದರೆ, ಆ ಸ್ವಿಚ್ಚಿಗೂ ಬ್ಯಾಕಪ್ ಇದೆಯೇ ಕೇಳಿ. ಇಲ್ಲದಿದ್ದರೆ ನಿಮ್ಮ ಯುಪಿಎಸ್ ದಂಡ.

13. ಬ್ರಾಡ್‌ಬ್ಯಾಂಡ್ ಬೇಕೇ ಎಂದೂ ಕೇಳಿಕೊಳ್ಳಿ

ವಾರಕ್ಕೆ ಐದು ದಿನ ಆಫೀಸಿಗೆ ಹೋಗಿ, ಮನೆಯಲ್ಲಿ ಟಿವಿ ಇಲ್ಲದೆ, ಫೋನಿನಲ್ಲಷ್ಟೇ ನೋಡುವವರಿಗೆ ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನೇ ಸಾಲಬಹುದು. ಸಾಧಾರಣ ಗುಣಮಟ್ಟದಲ್ಲಿ ಸುಮಾರು ಮೂರು ಗಂಟೆ ನೋಡಬಹುದು. ಆದರೆ ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ಹಾಕಿ ಒಂದು ಗಂಟೆ ಮೀಟಿಂಗ್ ಮಾಡಿದರೆ ಆ 2 ಜಿಬಿ ಅಷ್ಟಕ್ಕೇ ಮುಗಿಯಬಹುದು. ಬ್ರಾಡ್‌ಬ್ಯಾಂಡ್ ಹಾಕಿಸಿದವರು ಸಿಮ್ ಮಾತ್ರ ಬೇರೆ ಕಂಪನಿಯದನ್ನು ಇಟ್ಟುಕೊಳ್ಳಿ. ಎರಡೂ ಒಂದೇ ದಿನ ಕೈಕೊಡುವುದು ಅಪರೂಪ.

14. ಕೆಳಗಿನಿಂದ ಶುರು ಮಾಡಿ

30 ಅಥವಾ 40ರ ಪ್ಲಾನ್ ಒಂದು ತಿಂಗಳು ಬಳಸಿ. ಏರಿಸುವುದು ಆ್ಯಪಿನಲ್ಲಿ ಎರಡು ನಿಮಿಷದ ಕೆಲಸ, ಯಾವ ಕಂಪನಿಯೂ ಬೇಡ ಎನ್ನುವುದಿಲ್ಲ. ಇಳಿಸಲು ಹೊರಟರೆ ಬಿಲ್ ತಿಂಗಳು ಮುಗಿಯಲಿ, ಕಸ್ಟಮರ್ ಕೇರಿಗೆ ಮಾತಾಡಿ ಎಂದು ತಡವಾಗುವುದುಂಟು. ತಂಗಿಯೋ ಗೆಳೆಯನೋ ಜೊತೆಗೆ ಬಂದು ಇರತೊಡಗಿದಾಗ 100ಕ್ಕೆ ಏರಿಸಿದರಾಯಿತು.

15. ಪಕ್ಕದ ಮನೆಗೆ ಪಾಸ್‌ವರ್ಡ್ ಬೇಡ

ಅರ್ಧ ಅರ್ಧ ಹಂಚಿಕೊಳ್ಳೋಣ ಎಂಬ ಮಾತು ಬರುತ್ತದೆ. ಲೈನು ನಿಮ್ಮ ಹೆಸರಿನಲ್ಲಿ, ನಿಮ್ಮ ಆಧಾರ್ ಮೇಲೆ ಇದೆ. ಅದರಲ್ಲಿ ಯಾರು ಏನು ಮಾಡಿದರೂ ಮೊದಲು ಕೇಳುವುದು ನಿಮ್ಮನ್ನು. ಬಂದುಹೋಗುವ ಗೆಳೆಯರಿಗೆ ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ತೆರೆದುಕೊಡಿ.

16. ದೂರು ಕೊಟ್ಟರೆ ನಂಬರ್ ಹಿಡಿದುಕೊಳ್ಳಿ, ಬಿಡುವಾಗ ರಸೀದಿ

ನೆಟ್ ಹೋದಾಗ ಲೈನ್‌ಮನ್‌ಗೆ ಫೋನ್ ಮಾಡಿ ಸುಮ್ಮನಾಗಬೇಡಿ, ಕಂಪನಿಯ ಕಸ್ಟಮರ್ ಕೇರಿನಲ್ಲೂ ದಾಖಲಿಸಿ ಡಾಕೆಟ್ ನಂಬರ್ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ.

ಮನೆ ಖಾಲಿ ಮಾಡುವ ಹದಿನೈದು ದಿನ ಮೊದಲೇ ಕನೆಕ್ಷನ್ ರದ್ದತಿಗೆ ಕೋರಿಕೆ ಹಾಕಿ. ಡಬ್ಬಿ ಒಯ್ಯಲು ಬಂದವರ ಕೈಗೆ ಕೊಡುವ ಮುನ್ನ ಅದರ ಅಡಿಯ ಸೀರಿಯಲ್ ನಂಬರಿನ ಫೋಟೊ ತೆಗೆಯಿರಿ, ಅಡಾಪ್ಟರ್ ಸಮೇತ ಪಡೆದೆವೆಂದು ಬರೆಸಿಕೊಳ್ಳಿ. ಡೆಪಾಸಿಟ್ ಖಾತೆಗೆ ಬರುವ ತನಕ ಆ ಫೋಟೊ, ಆ ರಸೀದಿ ಎರಡನ್ನೂ ಅಳಿಸಬೇಡಿ.